ಕನ್ನಡಿ ಲೆನ್ಸಿನ ಶಿವಗಂಗಮ್ಮ

ಶಿವಗಂಗಮ್ಮ ಜಗಳೂರು ಸೀಮೆಯವಳು. ಚನ್ನಗಿರಿಯ ವಿರೂಪಾಕ್ಷಪ್ಪನನ್ನು ಮದುವೆಯಾಗಿ ಬಂದಾಗ ಅವಳು ಜೀವಮಾನದಲ್ಲಿ ಕಂಡಿದ್ದ ಫೋಟೊ ಎಂದರೆ ತನ್ನದೇ ಒಂದು. ಗಂಡಿನ ಕಡೆಯವರಿಗೆ ತೋರಿಸಲೆಂದು ಅಪ್ಪ ತೆಗೆಸಿದ್ದು. ವಿರೂಪಾಕ್ಷಪ್ಪನ ಫೋಟೊ ಸ್ಟುಡಿಯೊ ಬಸ್ ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ದಾರಿಯಲ್ಲಿತ್ತು. ರಸ್ತೆಗೆ ಸ್ಟುಡಿಯೊ, ಹಿಂದೆ ಮನೆ, ಎರಡರ ನಡುವೆ ಕಿಟಕಿಗೆ ಕರಿ ಬಟ್ಟೆ ಹೊಡೆದ ಡಾರ್ಕ್ ರೂಮು. ಅಡುಗೆಮನೆಗೆ ಹೋಗಬೇಕಾದರೆ ಫೋಟೊ ತೊಳೆಯುವ ಹೈಪೊ ದ್ರಾವಣದ ವಾಸನೆ ದಾಟಿಯೇ ಹೋಗಬೇಕು. ಹೊಸದರಲ್ಲಿ ಅನ್ನಕ್ಕೂ ಅದೇ ವಾಸನೆ ಹತ್ತಿದಂತೆ ಅವಳಿಗೆ ಅನ್ನಿಸುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಗಂಡ ಅವಳ ಕೈಗೆ ಸಣ್ಣಗೆ ಹೆರೆದ ಪೆನ್ಸಿಲ್ಲು ಕೊಟ್ಟು ಟಚಿಂಗ್ ಕಲಿಸಿದ. ಸಿಡುಬಿನ ಕಲೆ, ಮೊಡವೆ, ಕಣ್ಣ ಕೆಳಗಿನ ಕಪ್ಪು, ಇವನ್ನೆಲ್ಲ ನೆಗೆಟಿವ್ ಮೇಲೆಯೇ ಮುಚ್ಚುವ ಕೆಲಸ ಅದು. ಅಡುಗೆ ಮುಗಿಸಿ, ಮಗಳು ಪ್ರೇಮಳನ್ನು ಮಲಗಿಸಿ, ಮಧ್ಯಾಹ್ನದ ಬೆಳಕಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಊರಿನ ಮುಖಗಳನ್ನೆಲ್ಲ ತಿದ್ದಿದಳು. ನಲ್ಲೂರು, ಕತ್ತಲಗೆರೆ ಕಡೆಯ ಎಷ್ಟೋ ಮದುಮಕ್ಕಳು ಅವಳ ಪೆನ್ಸಿಲ್ಲಿನಿಂದ ಬೆಳ್ಳಗಾದವರು. ಕ್ಯಾಮೆರಾ ಮಾತ್ರ ಗಂಡನದು. ಅದನ್ನು ಒರೆಸಿ ಎತ್ತಿಡುತ್ತಿದ್ದಳೇ ಹೊರತು ಒಳಗೆ ಕಣ್ಣಿಟ್ಟು ನೋಡಿದವಳಲ್ಲ.

ವಿರೂಪಾಕ್ಷಪ್ಪನಿಗೆ ಹಕ್ಕಿಗಳ ಹುಚ್ಚು ಹತ್ತಿದ್ದು ತಡವಾಗಿ. ಒಂದು ಚಳಿಗಾಲ, ಹೊಸದಾಗಿ ಮದುವೆಯಾದ ಜೋಡಿಯೊಂದರ ಫೋಟೊ ತೆಗೆಯಲು ಸೂಳೆಕೆರೆಯ ಏರಿಗೆ ಹೋಗಿದ್ದ. ನೀರೊಳಗೆ ನಿಂತ ಒಣ ಜಾಲಿಯ ಮೇಲೆ ಹಾವಕ್ಕಿಯೊಂದು ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಿತ್ತು. ಈಜುವಾಗ ಉದ್ದ ಕತ್ತು ಮಾತ್ರ ನೀರಿನ ಮೇಲೆ ಹಾವಿನ ಹಾಗೆ ಕಾಣುವ ಹಕ್ಕಿ ಅದು. ಕಪ್ಪು ಬೆನ್ನಿನ ಮೇಲೆ ಬೆಳ್ಳಿಯ ಎಳೆಗಳಂತೆ ಬಿಳಿ ಗೆರೆಗಳು. ವಿರೂಪಾಕ್ಷಪ್ಪ ಜೋಡಿಯನ್ನು ಬಿಸಿಲಲ್ಲಿ ನಿಲ್ಲಿಸಿಯೇ ಹಕ್ಕಿಯ ಫೋಟೊ ಹೊಡೆದ. ತೊಳೆದು ನೋಡಿದರೆ ನೀರಿನ ನಡುವೆ ಎಳ್ಳುಕಾಳಿನಷ್ಟು ಒಂದು ಚುಕ್ಕಿ. ಅವತ್ತಿನಿಂದ ಅವನಿಗೆ ಸಮಾಧಾನವಿಲ್ಲದೆ ಹೋಯಿತು.

ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ, ಭದ್ರಾವತಿಯ ಕಾರ್ಖಾನೆಯಿಂದ ನಿವೃತ್ತರಾಗಿ ಊರಿಗೆ ಹೊರಟಿದ್ದ ಇಂಜಿನಿಯರ್ ಒಬ್ಬರಿಂದ ಅವನು ಕನ್ನಡಿ ಲೆನ್ಸು ಕೊಂಡು ತಂದ. ರಷ್ಯಾದಲ್ಲಿ ಮಾಡಿದ್ದು. ಹಾಲಿನ ಪುಡಿಯ ಡಬ್ಬದಷ್ಟು ದಪ್ಪ, ಅಷ್ಟೇ ಗಿಡ್ಡ. ದೂರದ ಹಕ್ಕಿಯನ್ನು ಹತ್ತಿರಕ್ಕೆ ತರುವ ಬೇರೆ ಲೆನ್ಸುಗಳು ಮಾರುದ್ದ ಇರುತ್ತವೆ. ಇದರೊಳಗೆ ಗಾಜಿನ ಸಾಲಿನ ಬದಲು ಎರಡು ಕನ್ನಡಿಗಳಿದ್ದವು. ಒಳಬಂದ ಬೆಳಕು ಹಿಂದಿನ ಕನ್ನಡಿಗೆ ಬಡಿದು, ಮುಂದಿನ ಪುಟ್ಟ ಕನ್ನಡಿಗೆ ಹಾರಿ, ಅಲ್ಲಿಂದ ಮತ್ತೆ ತಿರುಗಿ ಕ್ಯಾಮೆರಾದೊಳಗೆ ಹೋಗುತ್ತಿತ್ತು. ಅದಕ್ಕೇ ಅಷ್ಟು ಗಿಡ್ಡ. ವಿರೂಪಾಕ್ಷಪ್ಪ ಇದನ್ನು ಹೆಂಡತಿಗೆ ಲೋಟ, ತಟ್ಟೆ ಇಟ್ಟು ವಿವರಿಸಿದ್ದ. ಅವಳಿಗೆ ಅರ್ಥವಾಗಿದ್ದು, ಇದು ತುಂಬ ಬೇಕಾಗಿದ್ದ ವಸ್ತು, ಮಕ್ಕಳ ಕೈಗೆ ಸಿಗಬಾರದು ಎಂಬಷ್ಟು.

ಮೂರು ನಾಲ್ಕು ಚಳಿಗಾಲ ಅವನು ಬಿಡುವಾದಾಗಲೆಲ್ಲ ಕೆರೆಗೆ ಹೋದ. ಬಂದವನು ಡಾರ್ಕ್ ರೂಮಿಗೆ ಹೊಕ್ಕು, ಒದ್ದೆ ನೆಗೆಟಿವ್ ಹಿಡಿದುಕೊಂಡೇ ಹೊರಗೆ ಬಂದು ಬೆಳಕಿಗೆ ನೋಡಿ, ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದ.

"ಯಾಕ್ರೀ, ಹಕ್ಕಿ ಕಾಣ್ತೈತಲ್ಲ," ಎಂದು ಒಮ್ಮೆ ಶಿವಗಂಗಮ್ಮ ಕೇಳಿದಳು.

"ಕಾಣೋದು ಬ್ಯಾರೆ, ಶಾರ್ಪ್ ಇರೋದು ಬ್ಯಾರೆ. ಬೆನ್ನ ಮ್ಯಾಲಿನ ಗೆರೆ ಒಂದೊಂದೂ ಎಣಿಸಂಗಿರಬೇಕು. ಕಣ್ಣಾಗೆ ಬೆಳಕಿನ ಚುಕ್ಕಿ ಕಾಣಬೇಕು. ಇಲ್ಲಾಂದ್ರೆ ಅದು ಹಕ್ಕಿ ಅಲ್ಲ, ಹಕ್ಕಿ ನೆಳ್ಳು."

ಅವನು ಒಂದೂ ಶಾರ್ಪಾದ ಹಕ್ಕಿ ತೆಗೆಯಲಿಲ್ಲ. ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ, ಸ್ಕೂಲು ಮಕ್ಕಳ ಗ್ರೂಪ್ ಫೋಟೊ ತೊಳೆಯುತ್ತಿದ್ದಾಗ ಡಾರ್ಕ್ ರೂಮಿನಲ್ಲಿ ಬಿದ್ದ. ಟ್ರೇ ಬಿದ್ದ ಸದ್ದಿಗೆ ಶಿವಗಂಗಮ್ಮ ಓಡಿ ಬಂದು ಬಾಗಿಲು ತೆಗೆದಳು. ಡೆವಲಪರಿನಲ್ಲಿ ಅಂಗಿ ನೆನೆದು ಅವನು ಗೋಡೆಗೆ ಒರಗಿದ್ದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು.

ಲಕ್ವ. ಬಲಗೈ, ಬಲಗಾಲು ಎರಡೂ ಹೋದವು. ಮಾತು ಹೋಗಿ, ಕೆಲವು ತಿಂಗಳಾದ ಮೇಲೆ ಒಂದೊಂದೇ ಶಬ್ದವಾಗಿ ಸ್ವಲ್ಪ ಮರಳಿತು. ಪ್ರೇಮ ಆಗಲೇ ಮದುವೆಯಾಗಿ ಹೊನ್ನಾಳಿಯಲ್ಲಿದ್ದಳು; ಬಂದು ಕೆಲವು ದಿನ ಇದ್ದು, ಅತ್ತೆ ಮನೆಯಿಂದ ಕರೆ ಬಂದ ಮೇಲೆ ಅಳುತ್ತ ಹೋದಳು. ಡಾಕ್ಟರು ಹೇಳಿದ್ದು ಇಷ್ಟೇ: "ಮಲಗಿಸಿಯೇ ಇಟ್ರೆ ಬೆನ್ನು ಹುಣ್ಣಾಗ್ತದೆ, ಎದೆಯಲ್ಲಿ ಕಫ ಕಟ್ತದೆ. ದಿನಾ ಎಬ್ಬಿಸಿ ಕೂರಿಸ್ರಿ."

ಆದರೆ ವಿರೂಪಾಕ್ಷಪ್ಪ ಕೂರಲೊಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದರೆ ಮುಗಿಯಿತು. ಅನ್ನ ಕಲಸಿ ಬಾಯಿಗಿಟ್ಟರೂ ತಿರುಗುತ್ತಿರಲಿಲ್ಲ. ಅವಳು ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂರಿಸಿದರೆ, ಅತ್ತ ಹೋದ ಕೂಡಲೇ ಜಾರಿಕೊಂಡು ಮತ್ತೆ ಗೋಡೆಗೆ ಮುಖ. ಪಕ್ಕದ ಮನೆಯ ಕಾಟಮ್ಮ ಬಂದು ನೋಡಿ, "ಮನಸ್ಸೇ ಬಿಟ್ಟಾರೆ ಕಣೆ ಗಂಗಮ್ಮ," ಎಂದಳು.

ಸ್ಟುಡಿಯೊ ಬಾಗಿಲು ಹಾಕಿದ್ದರೆ ಒಲೆ ಉರಿಯುವಂತಿರಲಿಲ್ಲ. ಶಿವಗಂಗಮ್ಮ ಕ್ಯಾಮೆರಾ ಕೈಗೆ ತೆಗೆದುಕೊಂಡಳು. ಫಿಲ್ಮ್ ತೊಳೆಯುವುದು, ಪ್ರಿಂಟ್ ಹಾಕುವುದು ಅವಳಿಗೆ ಬರುತ್ತಿತ್ತು. ತೆಗೆಯುವುದನ್ನು ತೆಗೆದೇ ಕಲಿತಳು. ಮೊದಮೊದಲು ಪಾಸ್‌ಪೋರ್ಟ್ ಸೈಜು ಫೋಟೊ, ಆಮೇಲೆ ನಾಮಕರಣ, ಆಮೇಲೆ ಮದುವೆ. ಹೆಂಗಸು ಕ್ಯಾಮೆರಾ ಹಿಡಿದದ್ದನ್ನು ನೋಡಿ ಕೆಲವರು ಬಾಗಿಲಿಂದಲೇ ವಾಪಸಾದರು. ಹೆಣ್ಣುಮಕ್ಕಳು ಮಾತ್ರ ಅವಳ ಎದುರು ಬಿಗಿಯದೆ ಕೂರುತ್ತಿದ್ದರು, ಹಾಗಾಗಿ ಕೆಲಸ ನಿಲ್ಲಲಿಲ್ಲ.

ಬೆಳಗ್ಗೆ ಎದ್ದರೆ ಗಂಡನ ಬಟ್ಟೆ ಬದಲಿಸಿ, ಹಾಸಿಗೆ ಒಗೆದು, ಗಂಜಿ ಕುಡಿಸಿ, ಅಡುಗೆ ಮಾಡಿ, ಸ್ಟುಡಿಯೊದ ಬಾಗಿಲು ತೆರೆಯುತ್ತಿದ್ದಳು. ಗಿರಾಕಿಗಳ ನಡುವೆ ಎರಡು ಸಲ ಒಳಗೆ ಓಡಿ ಅವನನ್ನು ಮಗ್ಗಲು ಬದಲಿಸಬೇಕು. ಎತ್ತರದ ಆಳು ವಿರೂಪಾಕ್ಷಪ್ಪ. ಒಂದು ಪಕ್ಕ ಸತ್ತ ಮೈ ಇನ್ನೂ ಭಾರ. ಸಂಜೆಗೆ ಅವಳ ಸೊಂಟ ಹಲಗೆಯಾಗುತ್ತಿತ್ತು. ತಾನು ಕೂತು ಉಂಡದ್ದು ಯಾವಾಗ ಎಂದು ಅವಳಿಗೆ ನೆನಪಿರಲಿಲ್ಲ. ಒಲೆಯ ಮುಂದೆ ನಿಂತೇ ಉಂಡು ತಟ್ಟೆ ತೊಳೆಯುತ್ತಿದ್ದಳು.

ಒಂದು ದಿನ ಕಪಾಟು ಗುಡಿಸುವಾಗ ಕನ್ನಡಿ ಲೆನ್ಸಿನ ಚರ್ಮದ ಪೆಟ್ಟಿಗೆ ಕೈಗೆ ಬಂತು. ಈ ಲೆನ್ಸನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ತನ್ನಷ್ಟಕ್ಕೆ ಗೊಣಗಿಕೊಂಡು, ಧೂಳು ಒರೆಸಿ ಹೊಸ್ತಿಲ ಮೇಲಿಟ್ಟಳು. ಹಾಸಿಗೆಯಿಂದ ಸದ್ದು ಬಂತು. ತಿರುಗಿ ನೋಡಿದರೆ ವಿರೂಪಾಕ್ಷಪ್ಪ ಎಡಗೈ ಊರಿ ತಾನಾಗಿಯೇ ಅರ್ಧ ಎದ್ದಿದ್ದ.

"ಬ್ಯಾಡ."

ಲಕ್ವ ಹೊಡೆದ ಮೇಲೆ ಅವನ ಬಾಯಿಂದ ತಿಳಿಯಾಗಿ ಬಂದ ಮೊದಲ ಮಾತು ಅದು. ಶಿವಗಂಗಮ್ಮ ಪೆಟ್ಟಿಗೆ ಎತ್ತಿಕೊಂಡು ಹತ್ತಿರ ಹೋದಳು.

"ಇದನ್ನ ಇಟ್ಕಂಡು ಏನು ಮಾಡೋದ್ರೀ? ನೀವು ಹೋಗಂಗಿಲ್ಲ."

ಅವನು ಮೊಣಕೈಗೆ ಒರಗಿ ಪೆಟ್ಟಿಗೆಯ ಚರ್ಮ ಸವರಿದ.

"ನಾನು ಹೋಗಿ ತೆಗೀಲಾ?"

ಅವನು ತಲೆ ಆಡಿಸಿದ. ಅವತ್ತು ಮಧ್ಯಾಹ್ನ ದಿಂಬಿಗೆ ಒರಗಿ ಕೂತು ಉಂಡ. ಹೀಗೆ ಶಿವಗಂಗಮ್ಮ ಕೆರೆಗೆ ಹೋಗತೊಡಗಿದಳು. ಹಕ್ಕಿಯ ಮೇಲಿನ ಆಸೆಗಲ್ಲ. ಗಂಡ ಎದ್ದು ಕೂತರೆ ಸಾಕಿತ್ತು.

ಭಾನುವಾರ ಕಾಟಮ್ಮನನ್ನು ಗಂಡನ ಹತ್ತಿರ ಬಿಟ್ಟು, ದಾವಣಗೆರೆ ಕಡೆಗೆ ಹೋಗುವ ಮೊದಲನೇ ಬಸ್ಸು ಹತ್ತಿ ಏರಿಯ ಹತ್ತಿರ ಇಳಿಯುತ್ತಿದ್ದಳು. ಹೆಗಲಲ್ಲಿ ಲೆನ್ಸಿನ ಚೀಲ, ಕೈಯಲ್ಲಿ ಕಬ್ಬಿಣದ ಮೂರು ಕಾಲಿನ ಸ್ಟ್ಯಾಂಡು. ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ಗೋಣೆಪ್ಪ ವಿರೂಪಾಕ್ಷಪ್ಪನನ್ನು ಬಲ್ಲವನು. ಅವಳನ್ನು ನೋಡಿ ಏನೂ ಕೇಳದೆ, ಜಾಲಿ ಕಾಣುವ ಕಡೆ ಬಂಡೆಯೊಂದನ್ನು ತೋರಿಸಿ, "ಯಜಮಾನ್ರು ಇಲ್ಲೇ ಕುಂದ್ರತಿದ್ರು ಅಕ್ಕಾರೆ," ಎಂದ.

ಮೊದಲ ರೀಲಿನಲ್ಲಿ ಒಂದೂ ನೆಟ್ಟಗಿರಲಿಲ್ಲ. ಹಕ್ಕಿ ಇದ್ದ ಕಡೆ ಕಪ್ಪು ಮಸಿ ಚೆಲ್ಲಿದಂತಿತ್ತು. ನೀರಿನ ಮೇಲಿನ ಹೊಳಪೆಲ್ಲ ಸಣ್ಣ ಸಣ್ಣ ಬಳೆಗಳಾಗಿ ಮೂಡಿದ್ದವು. ಕನ್ನಡಿ ಲೆನ್ಸಿನ ಗುಣ ಅದು, ನಡುವೆ ಪುಟ್ಟ ಕನ್ನಡಿ ಅಡ್ಡ ಇರುವುದರಿಂದ ಫೋಕಸ್ಸಿನಲ್ಲಿ ಇಲ್ಲದ ಬೆಳಕೆಲ್ಲ ಉಂಗುರವಾಗುತ್ತದೆ. ಒಂದು ಪ್ರಿಂಟ್ ಹಾಕಿ ಗಂಡನ ಹತ್ತಿರ ತಂದಳು. ಅವನಿಗೆ ಒಂದೇ ಕೈಯಲ್ಲಿ ಫೋಟೊನೂ ಭೂತಗನ್ನಡಿಯೂ ಹಿಡಿಯಲಾಗದು. ಅವಳು ಮಂಚದ ಮೇಲೆ ಅವನ ಬಲಭಾಗಕ್ಕೆ ಆತು ಕೂತು, ಫೋಟೊ ಹಿಡಿದಳು. ಅವನು ಎಡಗೈಯಲ್ಲಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ.

"ಶಾರ್ಪಿಲ್ಲ."

"ಹ್ಞೂಂ, ಇಲ್ಲ. ನನಗೂ ಕಾಣ್ತೈತೆ," ಎಂದಳು. ಮುಂದಿನ ಸಲ ನೋಡೋಣವೆಂದು ಎದ್ದಳು.

ಆಮೇಲಿನ ಎರಡು ವರ್ಷ ಅವಳು ಆ ಲೆನ್ಸಿನ ಹಟಗಳನ್ನೆಲ್ಲ ಒಂದೊಂದಾಗಿ ಕಲಿತಳು. ಸ್ಟ್ಯಾಂಡಿನ ಮೇಲೆ ಇದ್ದರೂ ಗುಂಡಿ ಒತ್ತಿದ ಬೆರಳಿಗೇ ಅದು ಅದುರುತ್ತಿತ್ತು. ಕ್ಯಾಮೆರಾ ಮುಟ್ಟದೆ ದೂರದಿಂದಲೇ ಗುಂಡಿ ಒತ್ತುವ ಕೇಬಲ್ಲು ತಂದಳು. ಕ್ಯಾಮೆರಾದೊಳಗಿನ ಕನ್ನಡಿ ಎದ್ದು ಬಡಿಯುವ ಸದ್ದಿಗೂ ಅದುರುತ್ತಿತ್ತು. ಹಳೆ ಸೀರೆಯ ತುಂಡಿನಲ್ಲಿ ಚೀಲ ಹೊಲಿದು, ಮರಳು ತುಂಬಿ, ಲೆನ್ಸಿನ ಬೆನ್ನ ಮೇಲೆ ಹೇರಿದಳು. ಬೇರೆ ಲೆನ್ಸಿನ ಹಾಗೆ ಇದರ ಬಾಯಿ ಹಿಗ್ಗಿಸುವಂತಿಲ್ಲ, ಕುಗ್ಗಿಸುವಂತಿಲ್ಲ. ಬೆಳಕು ಕಡಿಮೆಯಿದ್ದರೆ ಷಟರ್ ನಿಧಾನ ಮಾಡಬೇಕು, ನಿಧಾನ ಮಾಡಿದರೆ ಹಕ್ಕಿ ಅಲುಗಾಡಿ ಮಸುಕು. ಬಿಸಿಲೇರಲಿ ಎಂದು ಕಾದರೆ ನೀರಿನ ಮೇಲೆ ಜಳ ಎದ್ದು, ಹಕ್ಕಿ ಕುದಿಯುವ ಎಸರಿನಾಚೆ ಕೂತಂತೆ ಕಾಣುತ್ತಿತ್ತು. ನಡುವೆ ಸ್ವಲ್ಪ ಹೊತ್ತು ಮಾತ್ರ ಸಿಗುತ್ತಿತ್ತು. ಆ ಹೊತ್ತಿನಲ್ಲೂ ಹಾವಕ್ಕಿ ಬಂದು ಕೂರಬೇಕು.

ಫೋಕಸ್ಸಿನದು ಇನ್ನೊಂದು ಪಾಡು. ಒಳಗೆ ಕಣ್ಣಿಟ್ಟರೆ ಮುಸ್ಸಂಜೆಯಂತೆ ಮಬ್ಬು. ಕೊಕ್ಕು ಸರಿಯಾದರೆ ಕಣ್ಣು ಮಸುಕು, ಕಣ್ಣು ಸರಿಯಾದರೆ ಬೆನ್ನಿನ ಗೆರೆ ಮಸುಕು. ಕೂದಲೆಳೆಯಷ್ಟು ತಿರುಗಿಸಿದರೂ ದಾಟಿಹೋಗುತ್ತಿತ್ತು. ಸಾಲದ್ದಕ್ಕೆ ಮೊದಲ ಕೆಲವು ಫೋಟೊ ಯಾವಾಗಲೂ ಕೆಡುತ್ತಿದ್ದವು. ಕಾರಣ ಗೊತ್ತಾದದ್ದು ಒಂದು ಚಳಿಯ ಬೆಳಗ್ಗೆ. ಎಲ್ಲ ಜೋಡಿಸಿಟ್ಟು, ಕೈ ಮರಗಟ್ಟಿದ್ದರಿಂದ ಗೋಣೆಪ್ಪನ ಗುಡಿಸಲಿಗೆ ಹೋಗಿ ಚಹಾ ಕುಡಿದು ಬಂದು ಕಣ್ಣಿಟ್ಟರೆ, ಅದುವರೆಗೆ ಎಷ್ಟು ತಿರುಗಿಸಿದರೂ ಕೂಡದಿದ್ದ ಜಾಲಿಯ ಮುಳ್ಳು ನೆಟ್ಟಗೆ ಕಂಡಿತು. ಬಸ್ಸಿನಲ್ಲಿ ಮೈಗೆ ಅಂಟಿಕೊಂಡು ಬಂದ ಲೆನ್ಸು ಒಳಗೆ ಬೆಚ್ಚಗಿರುತ್ತಿತ್ತು. ಹೊರಗಿನ ಚಳಿಗೆ ಅದರ ಕನ್ನಡಿ ತಣಿಯುವ ತನಕ ಚಿತ್ರ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಅಂದಿನಿಂದ ಅವಳು ಬಸ್ಸಿಳಿದ ಕೂಡಲೇ ಲೆನ್ಸನ್ನು ಚೀಲದಿಂದ ತೆಗೆದು ಬಂಡೆಯ ಮೇಲಿಟ್ಟು, ತಾನೂ ಪಕ್ಕದಲ್ಲಿ ಕೂತು ಕಾಯುತ್ತಿದ್ದಳು. ಕೂತಲ್ಲೇ ಎಷ್ಟೋ ಸಲ ಜೊಂಪು ಹತ್ತುತ್ತಿತ್ತು.

"ಅಕ್ಕಾರೆ, ಹಕ್ಕಿ ಬಂತು," ಎಂದು ಗೋಣೆಪ್ಪ ದೂರದಿಂದ ಮೆಲ್ಲಗೆ ಹೇಳಿ ಎಬ್ಬಿಸುತ್ತಿದ್ದ.

ಪ್ರತಿ ರೀಲಿಗೂ ಒಂದೆರಡು ಪ್ರಿಂಟು ಹಾಕಿ, ಮಂಚದ ಮೇಲೆ ಕೂತು, ಗಂಡನ ಮುಂದೆ ಹಿಡಿಯುತ್ತಿದ್ದಳು. ಅವನು ಎಂದೂ ಅವಸರ ಮಾಡಲಿಲ್ಲ. ಮೂಲೆಯಿಂದ ಮೂಲೆಗೆ ಭೂತಗನ್ನಡಿ ಓಡಿಸುತ್ತಿದ್ದ. ಕಡೆಗೆ ಅದೇ ಮಾತು. ಎಲ್ಲಿ ತಪ್ಪಿದೆ, ಶೇಕ್ ಆಗಿದೆಯಾ, ಫೋಕಸ್ ತಪ್ಪಿದೆಯಾ ಎಂದು ಕೇಳಿದರೆ ಉತ್ತರವಿಲ್ಲ. ಮಾತು ಬರದು ಪಾಪ ಎಂದು ಅವಳೇ ಸುಮ್ಮನಾಗುತ್ತಿದ್ದಳು.

ಎಂಬತ್ತೆರಡರ ಮಾಘದಲ್ಲಿ ನ್ಯಾಮತಿಯ ಅಡಿಕೆ ವ್ಯಾಪಾರಿಯೊಬ್ಬರ ಮನೆ ಮದುವೆಗೆ ಅವಳು ಹೋಗಿದ್ದಳು. ದೊಡ್ಡ ಮನೆತನ, ಬಂದ ನೆಂಟರೆಲ್ಲ ತಮ್ಮ ತಮ್ಮ ಸಂಸಾರದೊಂದಿಗೆ ಮದುಮಕ್ಕಳ ಪಕ್ಕ ನಿಂತು ತೆಗೆಸಿಕೊಳ್ಳುವವರೇ. ಬೆಳಗಿನಿಂದ ಸಂಜೆವರೆಗೆ ನಿಂತೇ ಇದ್ದಳು. ಊಟಕ್ಕೆ ಕರೆದಾಗ ಫ್ಲ್ಯಾಶ್ ಕೆಟ್ಟು, ಅದನ್ನು ಸರಿಮಾಡುವಷ್ಟರಲ್ಲಿ ಪಂಕ್ತಿ ಎದ್ದಿತ್ತು. ಹೊನ್ನಾಳಿ ಮೇಲೆ ಬಸ್ಸು ಬದಲಿಸಿ ಮನೆ ಸೇರಿ, ಗಂಡನ ಹಾಸಿಗೆ ಬದಲಿಸಿ ಮಲಗಿದಾಗ ಕಾಲು ಜೋಮು ಹಿಡಿದಿತ್ತು. ಮಾರನೆಯ ದಿನ ಭಾನುವಾರ. ಎಚ್ಚರವಾದಾಗ, ಇವತ್ತು ಹೋಗದಿದ್ದರೆ ಏನಾಗುತ್ತದೆ ಎಂದು ಯೋಚಿಸುತ್ತ ಮಲಗಿದ್ದಳು. ಪಕ್ಕದ ಮಂಚದಿಂದ ವಿರೂಪಾಕ್ಷಪ್ಪ, "ಕೆರೆ," ಎಂದ. ಎದ್ದಳು.

ಅವತ್ತು ಎಲ್ಲವೂ ಕೂಡಿಬಂತು. ಗಾಳಿ ಇರಲಿಲ್ಲ. ಬಿಸಿಲು ಎಳೆಯದಾಗಿತ್ತು, ಲೆನ್ಸು ತಣಿದಿತ್ತು. ಹಾವಕ್ಕಿ ಬಂದು ಜಾಲಿಯ ಮೇಲೆ ಕೂತು, ರೆಕ್ಕೆ ಹರಡಿ, ಕತ್ತು ತಿರುಗಿಸಿ ಅವಳ ಕಡೆಗೇ ನೋಡಿತು. ಅವಳಿಗೆ ಖುಷಿಯೂ ಆಗಲಿಲ್ಲ, ಅಷ್ಟು ಸುಸ್ತಾಗಿತ್ತು. ಉಸಿರು ಬಿಗಿಹಿಡಿದು ಕೇಬಲ್ಲು ಒತ್ತಿದಳು, ಮತ್ತೆ ಒತ್ತಿದಳು.

ಸೋಮವಾರ, ಚಿತ್ರವನ್ನು ದೊಡ್ಡದು ಮಾಡುವ ಎನ್ಲಾರ್ಜರಿನಲ್ಲಿ ಆ ನೆಗೆಟಿವ್ ಇಟ್ಟು ಬೆಳಕು ಹಾಕಿದಾಗ ಅವಳ ಕೈ ನಿಂತಿತು. ಬೆನ್ನಿನ ಗೆರೆಗಳು ಒಂದೊಂದೂ ಬಿಡಿಬಿಡಿಯಾಗಿದ್ದವು. ರೆಕ್ಕೆಯ ತುದಿಯಿಂದ ಜಿನುಗುತ್ತಿದ್ದ ನೀರಿನ ಹನಿ ಕಾಣುತ್ತಿತ್ತು. ಕಣ್ಣಿನಲ್ಲಿ ಬೆಳಕಿನ ಚುಕ್ಕಿ ಇತ್ತು. ದೊಡ್ಡ ಕಾಗದದ ಮೇಲೆ ಪ್ರಿಂಟ್ ಹಾಕಿ, ಒಣಗಿಸಿ, ಮಂಚದ ಮೇಲೆ ಗಂಡನಿಗೆ ಆತು ಕೂತಳು.

"ನೋಡ್ರಿ."

ವಿರೂಪಾಕ್ಷಪ್ಪ ನೋಡಿದ. ಅವಳು ಅವನ ಮುಖ ನೋಡಿದಳು. ಹೊರಗೆ ಸ್ಟುಡಿಯೊದಲ್ಲಿ ಯಾರೋ ಗಿರಾಕಿ ಬಂದು ಕೆಮ್ಮಿ ಹೋದರು.

"ಶಾರ್ಪಿಲ್ಲ."

ಶಿವಗಂಗಮ್ಮ ವಾದಿಸಲಿಲ್ಲ. ಲೆನ್ಸು, ಹಕ್ಕಿ, ಶಾರ್ಪು ಎಲ್ಲವನ್ನೂ ಅವಳಿಗೆ ಹೇಳಿಕೊಟ್ಟವನು ಅವನೇ. ಅವನು ಇಲ್ಲವೆಂದರೆ ಇಲ್ಲ. ಹಾಗಾದರೆ ತನಗೆ ಕಂಡದ್ದೇನು? ತನ್ನ ಕಣ್ಣೇ ಕೆಟ್ಟಿದೆ ಎಂದುಕೊಂಡಳು. ಅಷ್ಟು ವರ್ಷ ಪೆನ್ಸಿಲ್ಲು ಹಿಡಿದು ನೆಗೆಟಿವ್ ಮೇಲೆ ಬಗ್ಗಿದ್ದಕ್ಕೆ ಕಣ್ಣು ಉಳಿದೀತೇ? ಸೂಜಿಗೆ ದಾರ ಪೋಣಿಸುವಾಗ ಕೈಯನ್ನು ದೂರ ಹಿಡಿಯಬೇಕಾಗುತ್ತಿತ್ತು, ಅದೂ ನೆನಪಾಯಿತು. ಆ ಭಯ ಹೊಕ್ಕ ಮೇಲೆ ಅವಳಿಗೆ ಯಾವ ಕೆಲಸದ ಮೇಲೂ ನಂಬಿಕೆ ಉಳಿಯಲಿಲ್ಲ. ಪಾಸ್‌ಪೋರ್ಟ್ ಫೋಟೊ ಕೂಡ ಎರಡೆರಡು ತೆಗೆದಳು. ಗಿರಾಕಿಗಳಿಗೆ ಕೊಟ್ಟು, "ಸರಿ ಕಾಣ್ತೈತಾ ನೋಡ್ಕಳ್ರಿ," ಎಂದು ಕೇಳುವಂತಾಯಿತು. ಹಾಗೆಯೇ ಇನ್ನೊಂದು ಚಳಿಗಾಲ ಕೆರೆಗೆ ಹೋದಳು. ಮತ್ತೆ ಅದೇ ಮಾತು.

ಎಂಬತ್ತಮೂರರಲ್ಲಿ ಹೊನ್ನಾಳಿಯ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ನಡೆಯಿತು. ಪ್ರೇಮ ಹೇಳಿ ಕಳಿಸಿದಳು. ಶಿವಗಂಗಮ್ಮ ಕಾಟಮ್ಮನಿಗೆ ಎಲ್ಲ ಒಪ್ಪಿಸಿ ಹೋದಳು. ಕೈಚೀಲದಲ್ಲಿ ಹಾವಕ್ಕಿಯ ಆ ಪ್ರಿಂಟೂ ಇತ್ತು. ಡಾಕ್ಟರಿಗೆ ತೋರಿಸಿ, ತನಗೆ ಇದು ಹೀಗೆ ಕಾಣುತ್ತದೆ, ನಿಜವಾಗಿ ಹೇಗಿದೆ ಎಂದು ಕೇಳುವುದಿತ್ತು. ಶಿವಮೊಗ್ಗದಿಂದ ಬಂದಿದ್ದ ಡಾಕ್ಟರು ಅಕ್ಷರ ಓದಿಸಿದರು, ದೀಪ ಬಿಟ್ಟು ನೋಡಿದರು.

"ದೂರದ ದೃಷ್ಟಿ ಚೆನ್ನಾಗಿದೆಯಮ್ಮ. ಹತ್ತಿರಕ್ಕೆ ಮಾತ್ರ ಕನ್ನಡಕ ಬೇಕು, ಈ ವಯಸ್ಸಿಗೆ ಎಲ್ಲರಿಗೂ ಬರೋದೇ."

ಅವಳು ಫೋಟೊ ತೆಗೆದು ಮುಂದಿಟ್ಟಳು. "ಇದು ಶಾರ್ಪ್ ಐತಾ ನೋಡ್ರಿ ಸಾರ್."

ಡಾಕ್ಟರು ಫೋಟೊವನ್ನು ಬಾಗಿಲ ಬೆಳಕಿಗೆ ಹಿಡಿದರು. ಪಕ್ಕದಲ್ಲಿದ್ದ ನರ್ಸಮ್ಮನೂ ಬಗ್ಗಿದಳು. "ಏನು ಚೆನ್ನಾಗಿದೆ. ಕಣ್ಣಲ್ಲಿ ಬೆಳಕು ಕೂಡ ಕಾಣ್ತಿದೆ. ಯಾಕಮ್ಮ, ಶಾರ್ಪ್ ಇಲ್ಲ ಅಂತ ಯಾರಾದ್ರೂ ಅಂದರಾ?" ಎಂದರು ಡಾಕ್ಟರು.

"ನಮ್ಮ ಯಜಮಾನ್ರು. ಲಕ್ವ ಹೊಡೆದು ಮಲಗ್ಯಾರೆ."

ಡಾಕ್ಟರು ಫೋಟೊ ಕೆಳಗಿಟ್ಟು ಹೇಳಿದರು. "ಲಕ್ವದಲ್ಲಿ ಕೆಲವರಿಗೆ ದೃಷ್ಟಿನೂ ಕೆಡುತ್ತದೆ. ಮಸುಕಾಗಬಹುದು, ಅರ್ಧ ಕಾಣದೇನೂ ಇರಬಹುದು. ಅವರ ಕಣ್ಣು ಯಾರಾದ್ರೂ ನೋಡಿದಾರಾ?"

ಯಾರೂ ನೋಡಿರಲಿಲ್ಲ. ಕೈಕಾಲು ನೋಡಿದ್ದರು, ನಾಲಿಗೆ ನೋಡಿದ್ದರು. ಕಣ್ಣು ತೆರೆದೇ ಇತ್ತಲ್ಲ ಎಂದು ಯಾರೂ ಕೇಳಿರಲಿಲ್ಲ.

ಪ್ರೇಮ ಊಟ ಮಾಡಿಕೊಂಡು ಹೋಗು ಎಂದರೂ ಕೇಳದೆ ಅವಳು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳಿಗೆ ಒಂದು ಲೆಕ್ಕ ಬಗೆಹರಿಯಲಿಲ್ಲ. ಯಾವ ಫೋಟೊದಿಂದ ಶಾರ್ಪ್ ಇತ್ತು? ಎಷ್ಟು ಭಾನುವಾರ ಸುಮ್ಮನೆ ಹೋದವು?

ಮನೆಗೆ ಬಂದವಳು ಬಟ್ಟೆ ಕೂಡ ಬದಲಿಸದೆ ಸ್ಟುಡಿಯೊದ ಗೋಡೆಯಿಂದ ಒಂದು ಫೋಟೊ ಇಳಿಸಿದಳು. ವಿರೂಪಾಕ್ಷಪ್ಪನ ತಾಯಿ ಕಲ್ಲಮ್ಮನದು. ಅವನೇ ತೆಗೆದದ್ದು, ಮುಖದ ಸುಕ್ಕು, ಮೂಗುಬಟ್ಟಿನ ಹರಳು, ಹಣೆಯ ವಿಭೂತಿಯ ಗೆರೆ, ಹುಬ್ಬಿನ ಕೂದಲು ಒಂದೊಂದೂ ಕಾಣುವಂಥದ್ದು. ಶಾರ್ಪ್ ಎಂದರೆ ಇದು ಎಂದು ಅವನು ಬಂದವರಿಗೆಲ್ಲ ತೋರಿಸುತ್ತಿದ್ದ ಫೋಟೊ. ಚೌಕಟ್ಟಿನಿಂದ ಬಿಚ್ಚಿ, ಒಳಗೆ ತಂದು, ಮಂಚದ ಮೇಲೆ ಕೂತು ಹಿಡಿದಳು. ಅವನು ಭೂತಗನ್ನಡಿ ತೆಗೆದುಕೊಂಡು ಎಂದಿನಂತೆ ಮೂಲೆಯಿಂದ ಮೂಲೆಗೆ ಓಡಿಸಿದ.

"ಶಾರ್ಪಿಲ್ಲ."

"ಯಾವ ಹಕ್ಕಿ ಹೇಳ್ರಿ."

ಭೂತಗನ್ನಡಿ ನಿಂತಿತು. ಅವನು, "ಹಾವಕ್ಕಿ," ಎಂದ.

"ಹಕ್ಕಿ ಅಲ್ರೀ ಇದು. ನಿಮ್ಮವ್ವ."

ವಿರೂಪಾಕ್ಷಪ್ಪ ಭೂತಗನ್ನಡಿ ಕೆಳಗಿಟ್ಟು, ಫೋಟೊದ ಮೇಲೆ ಹೆಬ್ಬೆರಳು ಆಡಿಸಿದ. ಕಾಗದದ ಮೇಲೆ ಮುಖ ಎಲ್ಲಿದೆ ಎಂದು ಹುಡುಕುವಂತೆ ಆಡಿಸಿದ. ಶಿವಗಂಗಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಆದರೂ ಕೇಳಿದಳು.

"ಯಾವಾಗಿಂದ ಹಿಂಗೆ?"

"ಮೊದ್ಲಿಂದ."

"ಬಿದ್ದಾಗಿಂದಾನಾ?"

ತಲೆ ಆಡಿಸಿದ.

"ನಿಮಗೆ ಗೊತ್ತಿತ್ತಾ, ಕಾಣಂಗಿಲ್ಲ ಅಂತ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ನ ಯಾಕ್ರೀ ಕಳಿಸಿದ್ರಿ? ಒಂದು ಸಲ ಶಾರ್ಪ್ ಐತೆ ಅಂದಿದ್ರೆ ನಾನು ಹೋಗೋದು ಬಿಡ್ತಿದ್ದೆ. ನನ್ನ ಸೊಂಟ ಹೋತು, ನನ್ನ ಕಣ್ಣೇ ಕೆಟ್ಟೈತೆ ಅಂತ ವರ್ಷಗಟ್ಟಲೆ ಹೆದರಿಕೆಂಡು ಬದುಕಿದೆ."

ಅವನ ಬಾಯಿ ಅಲುಗಾಡಿತು. ಮಾತು ಕೂಡಿಸಿಕೊಳ್ಳಲು ಅವನು ಪಡುತ್ತಿದ್ದ ಕಷ್ಟ ಕತ್ತಿನ ನರಗಳಲ್ಲಿ ಕಾಣುತ್ತಿತ್ತು. ಅವಳು ಕಾದಳು.

"ಕುಂದ್ರುತ್ತಿದ್ದೆ," ಎಂದ. ಆಮೇಲೆ, ಎಡಗೈಯಿಂದ ತನ್ನ ಬಲಪಕ್ಕದ ಹಾಸಿಗೆ ಮುಟ್ಟಿ, "ನೀನು. ಇಲ್ಲಿ. ಫೋಟೊ ತಂದಾಗ."

ಶಿವಗಂಗಮ್ಮ ಎದ್ದು ಅಡುಗೆಮನೆಗೆ ಹೋದಳು. ಒಲೆ ಹಚ್ಚಿ ಅನ್ನಕ್ಕಿಟ್ಟಳು. ಅವನ ಮಾತು ಅರ್ಥವಾಗಿತ್ತು. ಎಷ್ಟೋ ವರ್ಷದಿಂದ ತಾನು ಆ ಮನೆಯಲ್ಲಿ ಬರೀ ನಿಂತೇ ಇದ್ದವಳು, ಉಣಿಸುವಾಗ, ಒರೆಸುವಾಗ, ಎತ್ತುವಾಗ ಎಲ್ಲ ನಿಂತೇ, ಫೋಟೊ ತೋರಿಸುವಾಗ ಮಾತ್ರ ಕೂತವಳು. ಅದು ನಿಜ. ಆದರೆ ನಿಜವೆಂದು ತಿಳಿದರೂ ಸಿಟ್ಟು ಇಳಿಯಲಿಲ್ಲ. ಕೂತುಕೋ ಎಂಬ ಒಂದು ಮಾತಿಗೆ ಅವನಿಗೆ ಬಾಯಿ ಇರಲಿಲ್ಲವೇ? ಶಾರ್ಪಿಲ್ಲ ಎನ್ನಲು ಬಂದ ನಾಲಿಗೆಗೆ ಕುಂದ್ರು ಎನ್ನಲು ಬರುತ್ತಿರಲಿಲ್ಲವೇ?

ಹಲವು ದಿನ ಅವಳು ಅವನೊಂದಿಗೆ ಬೇಕಾದಷ್ಟೇ ಮಾತಾಡಿದಳು. ಕೆಲಸ ಯಾವುದೂ ತಪ್ಪಿಸಲಿಲ್ಲ. ಅವನೂ ಕೆರೆ ಎನ್ನಲಿಲ್ಲ. ಮತ್ತೆ ಗೋಡೆ ಕಡೆ ಮುಖ ಮಾಡಿದ್ದನ್ನು ಕಂಡು ಕಾಟಮ್ಮ ಒಂದು ಸಂಜೆ, "ನಿಮ್ಮಿಬ್ಬರದು ಏನೇ ಅದು," ಎಂದು ಕೇಳಿದಳು. ಶಿವಗಂಗಮ್ಮ ಎಲ್ಲ ಹೇಳಿದಳು. ಕಾಟಮ್ಮ ಎಲೆ ಅಡಿಕೆ ಹಾಕಿಕೊಂಡು ಯೋಚಿಸಿ, "ಸಿಟ್ಟು ಮಾಡ್ಕ. ಮಾಡ್ಕಳಾಕೆ ನಿನಗೆ ಹಕ್ಕೈತೆ. ಆದ್ರೆ ಕುಂತ್ಕಂಡು ಮಾಡ್ಕ," ಎಂದಳು.

ಶಿವಗಂಗಮ್ಮನಿಗೆ ನಗು ಬಂತು. ಆಮೇಲೆ ಅಳು ಬಂತು. ಅವತ್ತು ತನ್ನ ತಟ್ಟೆಯನ್ನೂ ಮಂಚದ ಹತ್ತಿರ ತಂದು, ಗಂಡನಿಗೆ ಒಂದು ತುತ್ತು ಇಟ್ಟು ತಾನೊಂದು ತುತ್ತು ಉಂಡಳು. ಊಟವಾದ ಮೇಲೆ ಹಾವಕ್ಕಿಯ ಫೋಟೊ ತಂದಳು.

"ಇನ್ಮ್ಯಾಲೆ ಶಾರ್ಪ್ ಐತೋ ಇಲ್ಲೋ ನಾನು ಹೇಳ್ತೀನಿ. ನೀವು ಕೇಳ್ರಿ."

ಭೂತಗನ್ನಡಿಯನ್ನು ತಾನೇ ಹಿಡಿದು, ಕೊಕ್ಕಿನಿಂದ ಶುರುಮಾಡಿ ಬಾಲದವರೆಗೆ ಹೇಳಿದಳು. ಗೆರೆಗಳು ಭುಜದ ಹತ್ತಿರ ಸಣ್ಣಗಿದ್ದು ರೆಕ್ಕೆಯ ಕಡೆ ಹೇಗೆ ಅಗಲವಾಗುತ್ತವೆ, ಹನಿ ಎಲ್ಲಿದೆ, ಜಾಲಿಯ ಮುಳ್ಳಿಗೆ ಸಿಕ್ಕಿದ ಬೂದು ಗರಿ ಯಾವುದು, ಹಿಂದಿನ ನೀರಿನಲ್ಲಿ ಬಳೆಗಳು ಎಷ್ಟು ದಟ್ಟವಾಗಿವೆ, ಎಲ್ಲ ಹೇಳಿದಳು. ವಿರೂಪಾಕ್ಷಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ.

"ಕಣ್ಣು?" ಎಂದ.

"ಚುಕ್ಕಿ ಐತೆ. ಮ್ಯಾಲೆ, ಬಲಗಡೀಗೆ."

ಅವನು ಹಗುರಾಗಿ ದಿಂಬಿಗೆ ಒರಗಿದ.

ಕಣ್ಣಿನ ಡಾಕ್ಟರಿಗೂ ತೋರಿಸಿದಳು. ಕನ್ನಡಕದಿಂದ, ಆಪರೇಷನ್ನಿನಿಂದ ಸರಿಹೋಗುವ ಕಣ್ಣಲ್ಲ, ಮಿದುಳಿನಲ್ಲೇ ತೊಂದರೆ ಎಂದರು. ಆಮೇಲೆ ಅವಳು ಕೆರೆಗೆ ಹೋಗುವುದನ್ನು ಪೂರ್ತಿ ಬಿಡಲಿಲ್ಲ. ಮೈ ಕೇಳಿದಾಗ, ಮದುವೆ ಕೆಲಸ ಇಲ್ಲದಾಗ, ಚಳಿಗಾಲದಲ್ಲಿ ಎರಡು ಮೂರು ಸಲ ಹೋಗುತ್ತಿದ್ದಳು. ಕೆಟ್ಟ ಫೋಟೊ ಬಂದರೆ ಕೆಟ್ಟಿದೆ ಎಂದೇ ಹೇಳುತ್ತಿದ್ದಳು. ಅವನು ಅದನ್ನೂ ಕೇಳುತ್ತಿದ್ದ.

ವಿರೂಪಾಕ್ಷಪ್ಪ ಎಂಬತ್ತಾರರ ಬೇಸಿಗೆಯಲ್ಲಿ, ಎದೆಯಲ್ಲಿ ಕಫ ಕಟ್ಟಿ, ಹೆಚ್ಚು ನರಳದೆ ತೀರಿಕೊಂಡ. ಆ ಮಳೆಗಾಲ ಸ್ಟುಡಿಯೊದ ಸೂರು ಸೋರಿ ಕಪಾಟಿಗೆ ತೇವ ಹಿಡಿಯಿತು. ಕನ್ನಡಿ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತು. ದಾವಣಗೆರೆಯಲ್ಲಿ ಒಬ್ಬನಿಗೆ ತೋರಿಸಿದಳು. ಕನ್ನಡಿಯ ಬೆಳ್ಳಿ ಲೇಪವೇ ತಿಂದುಹೋಗಿದೆ, ಒರೆಸಿದರೆ ಪೂರ್ತಿ ಹೋಗುತ್ತದೆ ಎಂದ. ಇರಲಿ ಎಂದು ವಾಪಸು ತಂದಳು.

ಇನ್ನೆರಡು ಮೂರು ವರ್ಷದಲ್ಲಿ ಜನ ಬಣ್ಣದ ಫೋಟೊವೇ ಬೇಕೆಂದರು. ಅದನ್ನು ತೊಳೆಯುವ ಮಿಷನ್ನು ಇದ್ದದ್ದು ದೊಡ್ಡ ಊರುಗಳಲ್ಲಿ. ರೀಲು ಕಳಿಸಿ, ಕಾದು, ತರಿಸಿ ಕೊಡುವ ಕೆಲಸಕ್ಕೆ ಅವಳಿಗೆ ತ್ರಾಣವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಸ್ಟುಡಿಯೊ ಮುಚ್ಚಿ, ಮುಂದಿನ ಕೋಣೆಯನ್ನು ರಂಗಣ್ಣನೆಂಬ ಟೈಲರಿಗೆ ಬಾಡಿಗೆಗೆ ಕೊಟ್ಟಳು. ಡಾರ್ಕ್ ರೂಮಿನ ಕಿಟಕಿಯ ಕರಿ ಬಟ್ಟೆ ಕಿತ್ತು, ಗೋಡೆಗೆ ಸುಣ್ಣ ಹೊಡೆಸಿ, ತನ್ನ ಹಾಸಿಗೆಯನ್ನು ಅಲ್ಲಿ ಹಾಕಿಕೊಂಡಳು.

ಮೊದಲ ಭಾನುವಾರ ಬಿಸಿಲು ಕಿಟಕಿಯಿಂದ ಹಾಸಿಗೆಯ ತನಕ ಬಂದರೂ ಅವಳು ಎದ್ದಿರಲಿಲ್ಲ. ಕಾಟಮ್ಮ ಗಾಬರಿಯಾಗಿ ಬಂದು ಬಾಗಿಲು ತಟ್ಟಿದಳು.

"ಗಂಗಮ್ಮ, ಹುಷಾರಿದ್ದೀ ಏನೇ?"

"ಹುಷಾರಿದ್ದೀನಿ ಕಾಟಕ್ಕ," ಎಂದಳು ಒಳಗಿನಿಂದ. "ನಿದ್ದೆ ಬಂದೈತೆ."